ಹಸುವಿಗೆ ಕರು, ಪುಸ್ತಕಕ್ಕೆ ಮರಿಪುಸ್ತಕ: ಸಂತ ಕೊಲಂಬನ ಕತೆಯಲ್ಲಿ ನಿಜ ಎಷ್ಟು?

ಪ್ರಶ್ನೆ: ಕಾಪಿರೈಟ್ ಬಗ್ಗೆ ಒಂದು ಉಪನ್ಯಾಸದಲ್ಲಿ ಐರ್ಲೆಂಡಿನ ಸಂತ ಕೊಲಂಬನ ಕತೆ ಕೇಳಿದೆ. ಗುರುವಿನ ಪುಸ್ತಕವನ್ನು ಕದ್ದು ನಕಲು ಮಾಡಿಕೊಂಡನಂತೆ. ರಾಜ ‘ಹಸುವಿಗೆ ಅದರ ಕರು, ಪುಸ್ತಕಕ್ಕೆ ಅದರ ನಕಲು’ ಎಂದು ತೀರ್ಪು ಕೊಟ್ಟನಂತೆ. ಅದಕ್ಕೆ ಯುದ್ಧವೇ ಆಗಿ 3000 ಜನ ಸತ್ತರಂತೆ. ಪಶ್ಚಾತ್ತಾಪದಿಂದ ಕೊಲಂಬ ದೇಶ ಬಿಟ್ಟು, ಮತ್ತೆ ಐರ್ಲೆಂಡಿನ ಮಣ್ಣು ಮೆಟ್ಟಲಿಲ್ಲವಂತೆ. ಇದರಲ್ಲಿ ಎಷ್ಟು ನಿಜ? ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿದೆ ಎನ್ನುವ ಪ್ರಾಣಿಯನ್ನು ಮೊದಲು ಕಂಡವನೂ ಇವನೇ ಅಂತಾರಲ್ಲ?

ಉತ್ತರ: ಯುದ್ಧ ನಡೆದದ್ದು ನಿಜ. ಕೊಲಂಬ ದೇಶ ಬಿಟ್ಟದ್ದೂ ನಿಜ. ಆದರೆ ಆ ಯುದ್ಧ ಪುಸ್ತಕಕ್ಕಾಗಿ ನಡೆಯಿತು ಎಂದು ಅವನ ಕಾಲಕ್ಕೆ ಹತ್ತಿರದ ಯಾವ ಬರಹವೂ ಹೇಳುವುದಿಲ್ಲ. ಮತ್ತೆಂದೂ ಊರಿಗೆ ಬರಲಿಲ್ಲ ಎನ್ನುವುದಂತೂ ತಪ್ಪು. ಆ ಪ್ರಾಣಿಯ ಕತೆ ಮಾತ್ರ ಹಳೆಯದೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅವನು ಯಾರು ಅನ್ನೋದನ್ನು ನೋಡೋಣ. ಕೊಲಂಬ ಅಂದರೆ ಲ್ಯಾಟಿನ್‌ನಲ್ಲಿ ಪಾರಿವಾಳ. ಐರ್ಲೆಂಡಿನವರು ಅವನನ್ನು ಕರೆಯುವುದು ಕೊಲಮ್ ಕಿಲ್ಲ ಅಂತ, ಅಂದರೆ ಚರ್ಚಿನ ಪಾರಿವಾಳ. ಹುಟ್ಟಿದ್ದು ಸುಮಾರು 521ರಲ್ಲಿ, ವಾಯವ್ಯ ಮೂಲೆಯ ಡೊನೆಗಾಲ್ ಸೀಮೆಯಲ್ಲಿ. ಗಾರ್ಟನ್ ಅವನ ಹುಟ್ಟೂರು ಎಂದು ಜನ ಇವತ್ತಿಗೂ ಜಾಗ ತೋರಿಸುತ್ತಾರೆ. ತಂದೆ ಫೆಡೆಲ್ಮಿಡ್, ತಾಯಿ ಎಥ್ನೆ. ಉತ್ತರದ ನೀಲ್ ವಂಶ ಎಂಬ ದೊಡ್ಡ ರಾಜಮನೆತನದ ಹುಡುಗ. ಸನ್ಯಾಸಿ ಆಗದೇ ಇದ್ದಿದ್ದರೆ ರಾಜನಾಗುವ ಹಕ್ಕಿದ್ದವನು. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ. ಅವನ ದಾಯಾದಿಗಳೆಲ್ಲ ಕತ್ತಿ ಹಿಡಿದವರು. ಯುದ್ಧ ಅವನನ್ನು ಹುಡುಕಿಕೊಂಡು ಬರಲು ಪುಸ್ತಕವೇ ಬೇಕಿರಲಿಲ್ಲ.

ಇನ್ನು ನಮಗೆ ಇದೆಲ್ಲ ಗೊತ್ತಾದದ್ದು ಹೇಗೆ? ಮುಖ್ಯವಾಗಿ ಒಬ್ಬ ಬರಹಗಾರನಿಂದ. ಅವನ ಹೆಸರು ಅಡಮ್ನಾನ್. ಕೊಲಂಬ ಕಟ್ಟಿದ ಅಯೋನಾ ಮಠದ ಒಂಬತ್ತನೆಯ ಮುಖ್ಯಸ್ಥ. ಕೊಲಂಬ ತೀರಿಕೊಂಡದ್ದು 597ರಲ್ಲಿ. ಅಡಮ್ನಾನ್ ಅವನ ಚರಿತ್ರೆಯನ್ನು ಲ್ಯಾಟಿನ್‌ನಲ್ಲಿ ಬರೆದದ್ದು ಸುಮಾರು ನೂರು ವರ್ಷದ ಮೇಲೆ, 700ರ ಆಸುಪಾಸಿನಲ್ಲಿ. ನೂರು ವರ್ಷ ದೊಡ್ಡ ಅಂತರವೇ. ಆದರೂ ಕೊಲಂಬನನ್ನು ಕಂಡವರ ಮಾತು ಕೇಳಿದ್ದ ಹಿರಿಯರು ಅವನ ಸುತ್ತ ಇದ್ದರು. ಅವನ ಪುಸ್ತಕದ ತುಂಬಾ ಪವಾಡಗಳೇ. ಭವಿಷ್ಯ ನುಡಿದದ್ದು ಒಂದು ಭಾಗ, ಅದ್ಭುತ ಮಾಡಿದ್ದು ಇನ್ನೊಂದು, ದೇವದೂತರು ಕಾಣಿಸಿದ್ದು ಮೂರನೆಯದು. ಆದರೆ ಪವಾಡದ ಸಂದಿಯಲ್ಲಿ ಹಾಲಿನ ಪಾತ್ರೆ, ಶಾಯಿಯ ಕೊಂಬು, ನೆಂದ ಪುಸ್ತಕ, ಸುಸ್ತಾದ ಹಕ್ಕಿ ಎಲ್ಲ ಬರುತ್ತವೆ. ನನಗೆ ಕೊಲಂಬ ಕಾಣಿಸುವುದು ಅಲ್ಲೇ.

ಈಗ ನೀವು ಕೇಳಿದ ಕತೆ. ಅದು ವಿವರವಾಗಿ ಸಿಗುವುದು 1532ರಲ್ಲಿ ಮಾನಸ್ ಓಡಾನೆಲ್ ಎಂಬಾತ ಐರಿಶ್‌ನಲ್ಲಿ ಬರೆಸಿದ ಕೊಲಮ್ ಕಿಲ್ಲನ ಚರಿತ್ರೆಯಲ್ಲಿ. ಯುದ್ಧ ನಡೆದದ್ದು 561ರಲ್ಲಿ. ನಡುವೆ ಹೆಚ್ಚುಕಡಿಮೆ 970 ವರ್ಷ! ಕತೆ ಸೊಗಸಾಗಿದೆ, ಅದರಲ್ಲಿ ಅನುಮಾನವಿಲ್ಲ. ಫಿನ್ನಿಯನ್ ಎಂಬ ಗುರುವಿನ ಹತ್ತಿರ ಬೈಬಲ್ಲಿನ ಕೀರ್ತನೆಗಳ ಒಂದು ಪುಸ್ತಕ ಇರುತ್ತದೆ. ಎಲ್ಲರೂ ಹೋದ ಮೇಲೆ ಕೊಲಂಬ ಒಬ್ಬನೇ ಚರ್ಚಿನಲ್ಲಿ ಉಳಿದು ರಾತ್ರಿಯೆಲ್ಲ ಅದನ್ನು ನಕಲು ಮಾಡುತ್ತಾನೆ. ದೀಪ ಇಲ್ಲ. ಅವನ ಐದು ಬೆರಳುಗಳೇ ಐದು ಮೇಣದ ಬತ್ತಿಯ ಹಾಗೆ ಉರಿದು ಬೆಳಕು ಕೊಡುತ್ತವೆ. ಫಿನ್ನಿಯನ್ ಕಳಿಸಿದ ಹುಡುಗ ಬಾಗಿಲ ತೂತಿನಿಂದ ಇಣುಕುತ್ತಾನೆ. ಒಳಗೆ ಕೊಲಂಬನ ಬಳಿ ಇದ್ದ ಸಾಕು ಕೊಕ್ಕರೆ ತೂತಿಗೆ ಕೊಕ್ಕು ಹಾಕಿ ಅವನ ಕಣ್ಣನ್ನೇ ಕಿತ್ತುಬಿಡುತ್ತದೆ. ಫಿನ್ನಿಯನ್ ಪ್ರಾರ್ಥನೆ ಮಾಡಿ ಕಣ್ಣು ಸರಿಮಾಡುತ್ತಾನೆ, ಆದರೆ ನಕಲು ತನ್ನದೇ ಎಂದು ಪಟ್ಟು ಹಿಡಿಯುತ್ತಾನೆ. ತಕರಾರು ತಾರಾ ಎಂಬಲ್ಲಿನ ರಾಜ ಡಿಯರ್ಮಿಟ್‌ನ ಮುಂದೆ ಹೋಗುತ್ತದೆ. ಅಲ್ಲಿ ಬರುವುದೇ ಆ ತೀರ್ಪು. ಐರಿಶ್‌ನಲ್ಲಿ ಪುಸ್ತಕಕ್ಕೆ ‘ಲೆಬರ್’, ನಕಲಿಗೆ ‘ಲೆಬ್ರಾನ್’. ಅಂದರೆ ಮರಿಪುಸ್ತಕ! ಹಸುವಿಗೆ ಮರಿಹಸು, ಪುಸ್ತಕಕ್ಕೆ ಮರಿಪುಸ್ತಕ.

ಈ ಮಾತಿನಲ್ಲಿ ಬೇಗ ಕಣ್ಣಿಗೆ ಬೀಳದ ಒಂದು ಚೆಲುವಿದೆ. ಆ ಕಾಲದ ಐರ್ಲೆಂಡಿನಲ್ಲಿ ಪುಸ್ತಕ ಬರೆಯುತ್ತಿದ್ದದ್ದು ಕರುವಿನ ಚರ್ಮದ ಮೇಲೆ. ಚರ್ಮ ನೆನೆಸಿ, ಕೂದಲು ತೆಗೆದು, ಬಿಗಿಯಾಗಿ ಎಳೆದು ಕಟ್ಟಿ, ತೆಳ್ಳಗಾಗುವ ತನಕ ಕೆರೆಯಬೇಕು. ಒಂದು ಸಾಧಾರಣ ಪುಸ್ತಕಕ್ಕೂ ಹಲವು ಕರು ಬೇಕು. ಕತೆ ಕೇಳುತ್ತಿದ್ದವರಿಗೆ ಇದು ಗೊತ್ತಿತ್ತು. ಅವರ ಕೈಯಲ್ಲಿದ್ದ ಪುಸ್ತಕವೇ ಒಂದು ಕಾಲದಲ್ಲಿ ಕರು ಆಗಿತ್ತು. ಇದನ್ನು ಇವತ್ತಿನ ಕಾಪಿರೈಟ್ ಕಾನೂನಿನ ಮೊದಲ ಮೊಕದ್ದಮೆ ಎಂದು ಕರೆಯುವುದು ಕೇಳಲು ಚೆನ್ನ. ಆದರೆ 6ನೇ ಶತಮಾನದಲ್ಲಿ ಹೀಗೊಂದು ತೀರ್ಪು ಬಂತು ಎಂದು ಹೇಳಲು ಆಧಾರ ಸಾಲದು.

ಹಾಗಾದರೆ ಈ ಕತೆ ಯಾಕೆ ಹುಟ್ಟಿತು? ನನ್ನ ಅಭಿಪ್ರಾಯದಲ್ಲಿ ಇದು ಒಂದು ವಸ್ತುವಿನ ಸ್ಥಳಪುರಾಣ. ಆ ವಸ್ತು ಇವತ್ತಿಗೂ ಇದೆ. ಕೀರ್ತನೆಗಳ ಒಂದು ಹಳೆಯ ಹಸ್ತಪ್ರತಿ, ಹೆಸರು ಕಾಹಕ್. ಹಾಗೆಂದರೆ ‘ಕಾಳಗದ್ದು’ ಎಂಬ ಅರ್ಥ. ಅದು ಓಡಾನೆಲ್ ಮನೆತನದ ಆಸ್ತಿಯಾಗಿತ್ತು. ಯುದ್ಧಕ್ಕೆ ಹೊರಡುವಾಗ ಅದನ್ನು ಸೈನ್ಯದ ಸುತ್ತ ಮೂರು ಸಲ ಬಲಕ್ಕೆ ಪ್ರದಕ್ಷಿಣೆ ಹಾಕಿಸುತ್ತಿದ್ದರು. ಹಾಗೆ ಮಾಡಿದರೆ ಗೆಲುವು ಖಂಡಿತ ಎಂಬ ನಂಬಿಕೆ. 11ನೇ ಶತಮಾನದ ಕೊನೆಗೆ ಓಡಾನೆಲ್‌ರ ಹಿರೀಕನೊಬ್ಬ ಕೆಲ್ಸ್ ಊರಿನ ಅಕ್ಕಸಾಲಿಗನಿಂದ ಅದಕ್ಕೆ ಪೆಟ್ಟಿಗೆ ಮಾಡಿಸಿದ. ಕಾವಲಿಗೆ ಒಂದು ಮನೆತನವೇ ಇತ್ತು. ಈಗ ಯೋಚಿಸಿ. ಯುದ್ಧಕ್ಕೆ ಒಯ್ಯುವ ಪುಸ್ತಕ, ಅದೂ ಕೊಲಮ್ ಕಿಲ್ಲನ ಹೆಸರಿನದ್ದು. ಇದು ಯಾಕೆ ಯುದ್ಧದ ಪುಸ್ತಕ ಆಯ್ತು ಎಂದು ಮನೆಯ ಮಕ್ಕಳು ಕೇಳದೇ ಇರುತ್ತಾರಾ? ಉತ್ತರವಾಗಿ ಕತೆ ಬೆಳೆಯಿತು. ಅದನ್ನು ಬರೆಸಿದ ಮಾನಸ್ ಮುಂದೆ ಅದೇ ಮನೆತನದ ಯಜಮಾನನೂ ಆದ.

ಇನ್ನು ಯುದ್ಧ. ಕೂಲ್ ಡ್ರೆವ್ನೆ ಎಂಬ ಜಾಗದಲ್ಲಿ, ಇವತ್ತಿನ ಸ್ಲೈಗೋ ಸೀಮೆಯ ಬೆನ್‌ಬುಲ್ಬೆನ್ ಬೆಟ್ಟದ ಹತ್ತಿರ ನಡೆಯಿತು. ಒಂದು ಕಡೆ ರಾಜ ಡಿಯರ್ಮಿಟ್, ಇನ್ನೊಂದು ಕಡೆ ಕೊಲಂಬನ ದಾಯಾದಿಗಳು ಮತ್ತು ಕೊನಾಖ್ಟ್ ಸೀಮೆಯ ರಾಜ. ಗೆದ್ದದ್ದು ಕೊಲಂಬನ ಕಡೆಯವರು. ಅವನ ಪ್ರಾರ್ಥನೆಯಿಂದಲೇ ಗೆದ್ದರು ಎಂದು ಐರ್ಲೆಂಡಿನ ವರ್ಷವಾರು ದಾಖಲೆಗಳು ಹೇಳುತ್ತವೆ. ಕಾರಣಕ್ಕೆ ಇನ್ನೊಂದು ಕತೆಯೂ ಉಂಟು. ಕೊನಾಖ್ಟ್ ರಾಜನ ಮಗ ಕೊಲಂಬನ ಆಶ್ರಯಕ್ಕೆ ಓಡಿಬಂದಿದ್ದ, ಡಿಯರ್ಮಿಟ್ ಅವನನ್ನು ಎಳೆದೊಯ್ದು ಕೊಲ್ಲಿಸಿದ ಎಂದು. ಶರಣು ಬಂದವನನ್ನು ಕೊಂದದ್ದು ಯುದ್ಧಕ್ಕೆ ಕಾರಣ ಆಗಿರಬಹುದು ಎಂದರೆ ನಂಬಲು ಸುಲಭ. ರಾಜ್ಯದ ಮೇಲುಗೈಗಾಗಿ ನೀಲ್ ವಂಶದ ಉತ್ತರದ ಕವಲಿಗೂ ಡಿಯರ್ಮಿಟ್‌ನ ದಕ್ಷಿಣದ ಕವಲಿಗೂ ಮೊದಲೇ ಇದ್ದ ಪೈಪೋಟಿ ಅದಕ್ಕಿಂತ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ. 3000 ಎಂಬ ಸಂಖ್ಯೆ ಕತೆಗೆ ಸೇರಿದ್ದು.

ಅಡಮ್ನಾನ್ ಇಲ್ಲಿ ಬಾಯಿ ಬಿಗಿ ಹಿಡಿಯುತ್ತಾನೆ. ಕೊಲಂಬ ಆ ಯುದ್ಧವಾದ ಎರಡನೇ ವರ್ಷ, ತನ್ನ 42ನೇ ವಯಸ್ಸಿನಲ್ಲಿ, ಕ್ರಿಸ್ತನಿಗಾಗಿ ಪರದೇಶಿಯಾಗಲು ಹಡಗು ಹತ್ತಿದ ಎಂದಷ್ಟೇ ಬರೆಯುತ್ತಾನೆ. ಯುದ್ಧ ಇಲ್ಲಿ ಬರೀ ತೇದಿ ಗುರುತಿಸಲು. ಆದರೆ ಇನ್ನೊಂದು ಕಡೆ ಒಂದು ಮಾತು ಬಿಟ್ಟುಕೊಡುತ್ತಾನೆ. ಟೆಲ್‌ಟೌನ್‌ನಲ್ಲಿ ಪಾದ್ರಿಗಳ ಸಭೆ ಸೇರಿ ಕೊಲಂಬನಿಗೆ ಬಹಿಷ್ಕಾರ ಹಾಕಿತ್ತಂತೆ. ಕಾರಣ ‘ಕ್ಷಮಿಸಬಹುದಾದ ಸಣ್ಣ ವಿಷಯ’ ಅಂತೆ. ಏನೆಂದು ಮಾತ್ರ ಹೇಳುವುದಿಲ್ಲ. ಕೊಲಂಬ ಆ ಸಭೆಗೆ ಬಂದಾಗ ಬಿರ್ರ್ ಮಠದ ಬ್ರೆಂಡನ್ ಎದ್ದುಹೋಗಿ ಮುತ್ತಿಟ್ಟು ಬರಮಾಡಿಕೊಂಡ. ಬಹಿಷ್ಕಾರ ಬಿದ್ದವನಿಗೆ ಮುತ್ತು ಕೊಡುವುದೇ ಎಂದು ಉಳಿದವರು ಸಿಟ್ಟಾದರು. ಅವನ ಮುಂದೆ ಬೆಂಕಿಯ ಕಂಬ ನಡೆದು ಬರುವುದನ್ನು ಕಂಡೆ ಎಂದು ಬ್ರೆಂಡನ್ ಹೇಳಿದ ಮೇಲೆ ಬಹಿಷ್ಕಾರ ಬಿಟ್ಟರು. ಹಾಗಾದರೆ ಏನೋ ಒಂದು ಆಗಿತ್ತು, ಅಲ್ವಾ? ಅದು ಅಡಮ್ನಾನನಿಗೆ ಹೇಳಲು ಇಷ್ಟವಿರಲಿಲ್ಲ. ಇದೇ ಅಡಮ್ನಾನ್ 697ರಲ್ಲಿ ಯುದ್ಧದಲ್ಲಿ ಹೆಂಗಸರು, ಮಕ್ಕಳು, ಪಾದ್ರಿಗಳ ಮೇಲೆ ಕೈ ಮಾಡಬಾರದು ಎಂದು ಕಾನೂನು ತಂದವನು. ಅಂಥವನಿಗೆ ತನ್ನ ಗುರುವಿನ ಹೆಸರನ್ನು ಯುದ್ಧದ ಜತೆ ಸೇರಿಸಿ ಬರೆಯುವುದು ಎಷ್ಟು ಕಷ್ಟವಾಗಿರಬೇಕು! ಆದ್ದರಿಂದ ಅವನ ಮೌನವನ್ನು ‘ಏನೂ ಆಗಿರಲಿಲ್ಲ’ ಎಂದು ಓದಬಾರದು.

ಕೊಲಂಬ ಮತ್ತು ಪುಸ್ತಕದ ನಂಟು ಮಾತ್ರ ಕಟ್ಟುಕತೆಯಲ್ಲ. ಅಡಮ್ನಾನನಲ್ಲಿ ಅವನು ಸದಾ ಬರೆಯುತ್ತಲೇ ಇರುತ್ತಾನೆ. ಒಂದು ದಿನ ಬೈಥೀನ್ ಎಂಬ ಶಿಷ್ಯ ಬಂದು, ನಾನು ನಕಲು ಮಾಡಿದ ಕೀರ್ತನೆಗಳನ್ನು ಯಾರಾದರೂ ಓದಿ ತಪ್ಪು ತಿದ್ದಬೇಕು ಎಂದು ಕೇಳುತ್ತಾನೆ. ಅದರಲ್ಲಿ ಒಂದೇ ಒಂದು ‘ಐ’ (ಲ್ಯಾಟಿನ್‌ನ i) ಅಕ್ಷರ ಬಿಟ್ಟುಹೋಗಿದೆ, ಮತ್ತೇನೂ ತಪ್ಪಿಲ್ಲ ಎನ್ನುತ್ತಾನೆ ಕೊಲಂಬ. ಓದಿ ನೋಡಿದರೆ ಹಾಗೇ ಇತ್ತಂತೆ. ಅಡಮ್ನಾನನಿಗೆ ಇದು ಪವಾಡ. ನನಗೆ ಕಾಣುವುದು ಒಂದು ಅಕ್ಷರ ಬಿಟ್ಟರೂ ಸುಮ್ನೆ ಇರದ ಮಠ. ಇನ್ನೊಂದು ದಿನ ಯಾರೋ ಆಚೆ ದಡದಿಂದ ದೋಣಿಗಾಗಿ ಕೂಗುತ್ತಾರೆ. ಈ ಕೂಗುವವನು ಇವತ್ತು ನನ್ನ ಶಾಯಿಯ ಕೊಂಬನ್ನು ಚೆಲ್ಲುತ್ತಾನೆ ನೋಡಿ ಎನ್ನುತ್ತಾನೆ ಕೊಲಂಬ. ಸೇವಕ ಬಾಗಿಲಲ್ಲೇ ಕಾವಲು ನಿಲ್ಲುತ್ತಾನೆ. ಅವನು ಬೇರೆ ಕೆಲಸಕ್ಕೆ ಅತ್ತ ಹೋಗಿದ್ದೇ ತಡ, ಅತಿಥಿ ಬಂದು, ಸಂತನಿಗೆ ಮುತ್ತಿಡುವ ಆತುರದಲ್ಲಿ ಬಟ್ಟೆಯ ಅಂಚು ತಾಗಿಸಿ ಕೊಂಬನ್ನು ಉರುಳಿಸಿಯೇಬಿಡುತ್ತಾನೆ. ಮೇಜಿನ ಮೇಲೆ ಶಾಯಿ ಇಟ್ಟುಕೊಂಡು ಕೆಲಸ ಮಾಡಿದ ಯಾರಿಗಾದರೂ ಈ ಭಯ ಗೊತ್ತು.

ಅಡಮ್ನಾನ್ ತನ್ನ ಪುಸ್ತಕ ಮುಗಿಸುವುದೂ ನಕಲಿನ ಮಾತಿನಿಂದಲೇ. ಇದನ್ನು ನಕಲು ಮಾಡುವವರು ಕ್ರಿಸ್ತನ ಆಣೆಗೂ ಮೂಲದ ಜತೆ ಹೋಲಿಸಿ ನೋಡಿ ತಿದ್ದಬೇಕು, ಈ ಕೋರಿಕೆಯನ್ನೂ ಇಲ್ಲೇ ಬರೆಯಬೇಕು ಎನ್ನುತ್ತಾನೆ. ಅದನ್ನು ನಕಲು ಮಾಡಿದ ಡೊರ್ಬೇನ್ ಎಂಬ ಸನ್ಯಾಸಿ 713ರಲ್ಲಿ ತೀರಿಕೊಂಡ. ಅಂದರೆ ಅಡಮ್ನಾನ್ ಬರೆದ ಕೆಲವೇ ವರ್ಷದಲ್ಲಿ ಮಾಡಿದ ಪ್ರತಿ. ಅದು ಈಗಲೂ ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್ ಊರಿನ ಗ್ರಂಥಾಲಯದಲ್ಲಿದೆ. ಕೊನೆಗೆ ಡೊರ್ಬೇನ್ ತನ್ನದೂ ಒಂದು ಸಾಲು ಸೇರಿಸಿದ್ದಾನೆ: ಓದುವವರು ನನಗಾಗಿ ಪ್ರಾರ್ಥಿಸಲಿ ಎಂದು. ಗುರುವಿನ ಪುಸ್ತಕ ಕದ್ದ ಕತೆಗಿಂತ ಈ ಒಂದು ಸಾಲು ನನಗೆ ಜಾಸ್ತಿ ಹತ್ತಿರ.

ಈಗ ದೇಶ ಬಿಟ್ಟ ವಿಷಯ. 563ರಲ್ಲಿ, 12 ಮಂದಿ ಸಂಗಡಿಗರ ಜತೆ ಅವನು ಇವತ್ತಿನ ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಹೋದ. ಅಲ್ಲಿ ನೆಲೆಯಾದದ್ದು ಅಯೋನಾ ದ್ವೀಪ. ಸುಮಾರು 5 ಕಿಲೋಮೀಟರ್ ಉದ್ದ ಅಷ್ಟೇ. ಆ ಕಡೆಯ ಡಾಲ್ ರಿಯಾಡ ರಾಜ್ಯ ಐರಿಶ್ ಮಾತಾಡುವವರದ್ದೇ, ಹಾಗಾಗಿ ಪೂರ್ತಿ ಪರದೇಶವೂ ಅಲ್ಲ. ಐರ್ಲೆಂಡು ಕಣ್ಣಿಗೆ ಕಾಣದ ಜಾಗ ಸಿಗುವ ತನಕ ನಿಲ್ಲಲಿಲ್ಲ ಎಂದು ಜನ ಹೇಳುತ್ತಾರೆ. ಅಯೋನಾದ ಒಂದು ದಿಬ್ಬಕ್ಕೆ ‘ಐರ್ಲೆಂಡಿಗೆ ಬೆನ್ನು’ ಎಂಬ ಹೆಸರೇ ಇದೆ. ಆದರೆ ಅಡಮ್ನಾನ್ ಬರೆದದ್ದನ್ನು ಓದಿದರೆ ಅವನು ಒಂದಕ್ಕಿಂತ ಹೆಚ್ಚು ಸಲ ಊರಿಗೆ ಬಂದಿದ್ದಾನೆ. ಡರ್ರೋ ಮಠ ಕಟ್ಟುವಾಗ ತಿಂಗಳುಗಟ್ಟಲೆ ಇದ್ದ. ಆಗ ಕ್ಲೊನ್‌ಮಕ್‌ನೋಯಿಸ್ ಮಠಕ್ಕೆ ಹೋದರೆ ಜನ ಮುಗಿಬಿದ್ದರು. ನಾಲ್ವರು ಮರದ ಚೌಕಟ್ಟು ಹೊತ್ತು ಅವನ ಸುತ್ತ ಬೇಲಿಯ ಹಾಗೆ ನಡೆಯಬೇಕಾಯಿತು. ಅದರ ನಡುವೆಯೂ ಯಾರೂ ಲೆಕ್ಕಕ್ಕಿಡದ ಒಬ್ಬ ಹುಡುಗ ಹಿಂದಿನಿಂದ ಬಂದು ಅವನ ನಿಲುವಂಗಿಯ ಅಂಚು ಮುಟ್ಟಿದ. ಕೊಲಂಬ ತಿರುಗಿ ಅವನನ್ನು ಹಿಡಿದು ಮುಂದೆ ನಿಲ್ಲಿಸಿ ಹರಸಿದ. ಐರ್ಲೆಂಡಿನ ಮಣ್ಣು ಮೆಟ್ಟದವನ ಕತೆಯಲ್ಲ ಇದು.

ಆದರೂ ಊರಿನ ಹಂಬಲ ಇತ್ತು. ಅದನ್ನು ಹೇಳುವ ಪುಟ್ಟ ಘಟನೆ ಒಂದಿದೆ. ಕೊಲಂಬ ಒಬ್ಬ ಸನ್ಯಾಸಿಯನ್ನು ಕರೆದು ಹೇಳುತ್ತಾನೆ: ಇನ್ನು ಮೂರನೇ ದಿನ ದ್ವೀಪದ ಪಶ್ಚಿಮ ದಡದಲ್ಲಿ ಕೂತು ಕಾಯಿ. ಉತ್ತರ ಐರ್ಲೆಂಡಿನಿಂದ ಒಂದು ಕೊಕ್ಕರೆ ಗಾಳಿಗೆ ಸಿಕ್ಕಿ, ಸುಸ್ತಾಗಿ ನಿನ್ನ ಮುಂದೆ ಬೀಳುತ್ತದೆ. ಮೆಲ್ಲಗೆ ಎತ್ತಿಕೋ. ಹತ್ತಿರದ ಮನೆಗೆ ಒಯ್ದು ಮೂರು ಹಗಲು ಮೂರು ರಾತ್ರಿ ಆರೈಕೆ ಮಾಡು. ಬಲ ಬಂದ ಮೇಲೆ ಅದು ತನ್ನ ಸಿಹಿಯಾದ ನಾಡಿಗೆ ಹಾರಿಹೋಗುತ್ತದೆ. ಅದು ನಮ್ಮೂರಿನ ಹಕ್ಕಿ, ಅದಕ್ಕೇ ನಿನಗೆ ಇಷ್ಟು ಹೇಳುತ್ತಿದ್ದೇನೆ. ಎಲ್ಲ ಹಾಗೇ ಆಯಿತು. ಮೂರನೇ ದಿನ ಹಕ್ಕಿ ಎದ್ದು, ಗಾಳಿಯಲ್ಲಿ ಸ್ವಲ್ಪ ಹೊತ್ತು ದಾರಿ ನೋಡಿಕೊಂಡು, ನೇರವಾಗಿ ಐರ್ಲೆಂಡಿನತ್ತ ಹಾರಿತು. ಮೇಲೆ ಹೇಳಿದ 1532ರ ಕತೆಯಲ್ಲಿ ಕಣ್ಣು ಕಿತ್ತ ಕೊಕ್ಕರೆಯನ್ನು ನೆನಪು ಮಾಡಿಕೊಳ್ಳಿ. ಹಳೆಯ ಬರಹದಲ್ಲಿ ಅದು ಆರೈಕೆ ಬೇಕಾದ ಹಕ್ಕಿ.

ಲಾಕ್ ನೆಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಡಮ್ನಾನನಲ್ಲಿ ಅದು ನಡೆಯುವುದು ಸರೋವರದಲ್ಲಿ ಅಲ್ಲ, ನೆಸ್ ನದಿಯಲ್ಲಿ. ಅದು ಪಿಕ್ಟ್ ಎಂಬ, ಸ್ಕಾಟ್ಲೆಂಡಿನ ಹಳೆಯ ಜನರ ಸೀಮೆ. ನೀರಿನ ಪ್ರಾಣಿ ಕಚ್ಚಿ ಸತ್ತ ಒಬ್ಬನನ್ನು ದಡದಲ್ಲಿ ಹೂಳುತ್ತಿರುತ್ತಾರೆ. ಆಚೆ ದಡದ ದೋಣಿ ಬೇಕು. ಕೊಲಂಬ ಲುಗ್ನೆ ಎಂಬ ಸಂಗಡಿಗನಿಗೆ ಈಜಿ ಹೋಗು ಎನ್ನುತ್ತಾನೆ. ಅವನು ಮಾತಾಡದೆ ನೀರಿಗೆ ಹಾರುತ್ತಾನೆ. ಪ್ರಾಣಿ ಬಾಯಿ ತೆರೆದು ಗರ್ಜಿಸುತ್ತ ಬರುತ್ತದೆ. ಒಂದು ಗಳದಷ್ಟೇ ದೂರ ಉಳಿದಾಗ ಕೊಲಂಬ ಗಾಳಿಯಲ್ಲಿ ಶಿಲುಬೆ ಗುರುತು ಮಾಡಿ, ಅವನನ್ನು ಮುಟ್ಟಬೇಡ, ಹಿಂದೆ ಹೋಗು ಎನ್ನುತ್ತಾನೆ. ಹಗ್ಗ ಕಟ್ಟಿ ಎಳೆದ ಹಾಗೆ ಅದು ಹಿಂದಕ್ಕೆ ಓಡುತ್ತದೆ. ಸಂತನ ಮಾತಿಗೆ ಕಾಡುಪ್ರಾಣಿ ಮಣಿಯುವುದು ಆ ಕಾಲದ ಸಂತರ ಚರಿತ್ರೆಗಳಲ್ಲಿ ತುಂಬಾ ಸಾಮಾನ್ಯ. ಇದನ್ನು 20ನೇ ಶತಮಾನದ ನೆಸ್ಸಿಗೆ, ಅಂದರೆ ಲಾಕ್ ನೆಸ್‌ನ ಆ ಪ್ರಾಣಿಗೆ, ಸಾಕ್ಷಿಯಾಗಿ ಎಳೆಯುವುದು ಸರಿಯಲ್ಲ. ಅದೇ ಪಿಕ್ಟ್ ಸೀಮೆಯ ಇನ್ನೊಂದು ಘಟನೆ ಇದಕ್ಕಿಂತ ಮುಖ್ಯ ಅಂತ ನನಗನ್ನಿಸುತ್ತದೆ. ರಾಜನ ಮಂತ್ರವಾದಿ ಬ್ರೊಯ್ಕನ್‌ನ ಹತ್ತಿರ ಒಬ್ಬ ಐರಿಶ್ ಹುಡುಗಿ ಗುಲಾಮಳಾಗಿದ್ದಳು. ಅವಳನ್ನು ಬಿಡು ಎಂದು ಕೊಲಂಬ ಕೇಳಿದ. ಅವನು ಒಪ್ಪಲಿಲ್ಲ, ಕಾಯಿಲೆ ಬಿದ್ದ, ಬಿಟ್ಟ ಮೇಲೆ ಗುಣವಾದ. ಪವಾಡ ತೆಗೆದುಹಾಕಿದರೂ ಪರನಾಡಿನ ಅರಮನೆಗೆ ಹೋಗಿ ಒಬ್ಬ ಗುಲಾಮ ಹುಡುಗಿಯ ಬಿಡುಗಡೆ ಕೇಳಿದ ಮನುಷ್ಯ ಉಳಿಯುತ್ತಾನೆ.

ಅವನ ಕೊನೆಯ ದಿನವನ್ನು ಹೇಳದೆ ಈ ಉತ್ತರ ಮುಗಿಸಲು ಮನಸ್ಸಾಗುವುದಿಲ್ಲ. 597ರ ಜೂನ್ 8, ಶನಿವಾರ. ವಯಸ್ಸು ಎಪ್ಪತ್ತೈದು ದಾಟಿತ್ತು. ಸೇವಕ ಡಿಯರ್ಮಿಟ್ (ರಾಜನ ಹೆಸರೇ ಇವನದ್ದೂ) ಜತೆಗೆ ಕಣಜಕ್ಕೆ ಹೋಗಿ, ನಾನು ಹೋದ ಮೇಲೂ ಸನ್ಯಾಸಿಗಳಿಗೆ ಈ ವರ್ಷಕ್ಕೆ ಸಾಕಾಗುವಷ್ಟು ಕಾಳಿದೆ ಎಂದು ನೆಮ್ಮದಿಪಟ್ಟ. ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಸುಸ್ತಾಗಿ ಕೂತ. ಮಠಕ್ಕೆ ಹಾಲಿನ ಪಾತ್ರೆ ಹೊರುತ್ತಿದ್ದ ಬಿಳಿ ಕುದುರೆ ಬಂದು ಅವನ ಎದೆಗೆ ತಲೆ ಇಟ್ಟು ಅತ್ತಿತು. ಬಾಯಿಂದ ನೊರೆ, ಕಣ್ಣಿಂದ ನೀರು. ಡಿಯರ್ಮಿಟ್ ಓಡಿಸಲು ಹೋದ. ಬಿಡು, ನಮ್ಮನ್ನು ಪ್ರೀತಿಸುವವನು ಅಳಲಿ. ಮನುಷ್ಯನಾದ ನಿನಗೆ ನಾನು ಹೇಳದೆ ತಿಳಿಯಲಿಲ್ಲ, ಅದಕ್ಕೆ ತಾನಾಗಿ ತಿಳಿಯಿತು ಎಂದ ಕೊಲಂಬ. (ಹೆಂಗಸರು ಬರುತ್ತಾರೆಂದು ಕೊಲಂಬ ಅಯೋನಾದಲ್ಲಿ ಹಸುವನ್ನೇ ಸಾಕಗೊಡಲಿಲ್ಲ ಎಂಬ ಗಾದೆಯಂಥ ಮಾತೊಂದು ನಿಮ್ಮ ಕಿವಿಗೆ ಬಿದ್ದಿದ್ದರೆ, ಆ ಹಾಲಿನ ಪಾತ್ರೆಯೇ ಅದಕ್ಕೆ ಉತ್ತರ.)

ಆಮೇಲೆ ಗುಡಿಸಲಿಗೆ ಹೋಗಿ ಬರೆಯಲು ಕೂತ. ಕೀರ್ತನೆಗಳ ನಕಲು. 34ನೇ ಕೀರ್ತನೆಯಲ್ಲಿ, ದೇವರನ್ನು ಹುಡುಕುವವರಿಗೆ ಯಾವ ಒಳ್ಳೆಯದಕ್ಕೂ ಕೊರತೆ ಆಗದು ಎಂಬ ಸಾಲಿಗೆ ಬಂದಾಗ ಪುಟ ಮುಗಿಯಿತು. ಇಲ್ಲಿಗೆ ನಾನು ನಿಲ್ಲಿಸಬೇಕು, ಮುಂದಿನದನ್ನು ಬೈಥೀನ್ ಬರೆಯಲಿ ಎಂದ. ಅದೇ ಬೈಥೀನ್, ಒಂದು ‘ಐ’ ಬಿಟ್ಟಿದ್ದವನು. ಮಠದ ಮುಂದಿನ ಮುಖ್ಯಸ್ಥನೂ ಅವನೇ ಆದ. ಮುಂದಿನ ಸಾಲು ‘ಮಕ್ಕಳೇ ಬನ್ನಿ, ನನ್ನ ಮಾತು ಕೇಳಿ’ ಎಂದು ಶುರುವಾಗುತ್ತದೆ, ಅದು ಅವನಿಗೇ ಒಪ್ಪುವಂಥದ್ದು ಎನ್ನುತ್ತಾನೆ ಅಡಮ್ನಾನ್. ನಡುರಾತ್ರಿ ಗಂಟೆ ಬಾರಿಸಿದಾಗ ಕೊಲಂಬ ಎಲ್ಲರಿಗಿಂತ ಮೊದಲು ಚರ್ಚಿಗೆ ಓಡಿದ. ಡಿಯರ್ಮಿಟ್ ಕತ್ತಲಲ್ಲಿ ತಡಕಾಡುತ್ತ, ಎಲ್ಲಿದ್ದೀರಿ ತಂದೆ ಎಂದು ಅಳುತ್ತ ಬಂದ. ಬಲಿಪೀಠದ ಮುಂದೆ ಬಿದ್ದಿದ್ದವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಬಲಗೈ ಎತ್ತಲು ಸಹಾಯ ಮಾಡಿದ. ಆ ಕೈಯಿಂದ ಎಲ್ಲರನ್ನೂ ಹರಸಿ ಕೊಲಂಬ ತೀರಿಕೊಂಡ.

ಕಾಹಕ್ ಅಂದರೆ ಈ ಕೊನೆಯ ನಕಲೇ ಇರಬಹುದೇ ಎಂದು ಕೆಲವರು ಕೇಳುತ್ತಾರೆ. ಅದರಲ್ಲಿ ಈಗ ಉಳಿದಿರುವುದು 58 ಹಾಳೆ. 34ನೇ ಕೀರ್ತನೆ ಆ ಹಾಳೆಗಳಲ್ಲಿದೆ. ಆ ಕೊನೆಯ ನಕಲಾಗಿದ್ದರೆ ಅಲ್ಲಿಂದ ಮುಂದೆ ಬೈಥೀನ್‌ನ ಕೈ ಇರಬೇಕಿತ್ತು. ಆದರೆ ಬರೆದದ್ದು ಆದ್ಯಂತ ಒಂದೇ ಕೈ, ಆದ್ದರಿಂದ ಇದು ಆ ನಕಲಲ್ಲ. ಅಕ್ಷರದ ರೀತಿ ನೋಡಿ ವಿದ್ವಾಂಸರು 6ನೇ ಶತಮಾನದ ಕೊನೆ ಅಥವಾ 7ರ ಮೊದಲ ಭಾಗ ಎನ್ನುತ್ತಾರೆ. ಕೊಲಂಬನ ಕೈಬರಹವೇ ಎಂದು ಹೇಳಲು ಆಗುವುದಿಲ್ಲ. 1813ರಲ್ಲಿ ಪೆಟ್ಟಿಗೆ ತೆರೆದಾಗ ಹಾಳೆಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿದ್ದವು. ಈಗ ಹಾಳೆಗಳು ಡಬ್ಲಿನ್‌ನ ರಾಯಲ್ ಐರಿಶ್ ಅಕಾಡೆಮಿಯಲ್ಲಿ, ಪೆಟ್ಟಿಗೆ ಅಲ್ಲಿನ ರಾಷ್ಟ್ರೀಯ ಮ್ಯೂಸಿಯಮ್‌ನಲ್ಲಿ ಇವೆ. ಪುಟಗಳ ಚಿತ್ರ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ನೋಡುವಾಗ ಪ್ರತಿ ಕೀರ್ತನೆಯ ಶುರು ಗಮನಿಸಿ. ಮೊದಲ ಅಕ್ಷರ ದೊಡ್ಡದು, ಅದರ ಪಕ್ಕದ್ದು ಸ್ವಲ್ಪ ಚಿಕ್ಕದು, ಅದರ ಮುಂದಿನದು ಇನ್ನೂ ಚಿಕ್ಕದು. ಹೀಗೆ ಇಳಿಯುತ್ತ ಸಾಲಿನ ಅಳತೆಗೆ ಬಂದು ನಿಲ್ಲುತ್ತವೆ.